ಶರ್ಟು ಬಿಚ್ಚಬೇಕಾದ ದಿನ

ಆ ಬೀದಿಯಲ್ಲಿ ದರ್ಜಿಯಮ್ಮನ ಅಂಗಡಿ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಿದ್ದರು. ಸೈಕಲ್ ರಿಪೇರಿಯವನ ಪಕ್ಕ ಮೆಟ್ಟಿಲು ಹತ್ತಿದರೆ ಒಂದು ಉದ್ದನೆಯ ಕೋಣೆ. ಮುಂದೆ ಹೊಲಿಗೆ ಯಂತ್ರ, ಅದರ ಹಿಂದೊಂದು ಪರದೆ, ಪರದೆಯ ಹಿಂದೆಯೇ ಮನೆ. ಕಾಜಾ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆ ಮಾತ್ರ ಅವಳ ಅಂಗಡಿಗೆ ಎಷ್ಟು ತಂದರೂ ಸಾಲುತ್ತಿರಲಿಲ್ಲ. ಎಲ್ಲಿ ಹೋಗುತ್ತಿತ್ತು ಅಂತೀರಿ? ತಿನ್ನುತ್ತಿದ್ದಳು. ಗಿರಾಕಿ ಅತ್ತ ತಿರುಗಿದ್ದೇ ತಡ, ಕಟುಂ ಎಂದು ಒಂದು ತುಂಡು ಬಾಯಿಗೆ. ಮುಳ್ಳುಹಂದಿಗಳಿಗೆ ಸುಣ್ಣದ ಚಪಲ ಜಾಸ್ತಿ, ಏನು ಮಾಡುವುದು?

ಹೌದು, ದರ್ಜಿಯಮ್ಮ ಮುಳ್ಳುಹಂದಿ. ಹುಬ್ಬೇರಿಸಬೇಡಿ. ಕಾಡಿನ ಬಿಲದ ಮೇಲೆ ಡಾಂಬರು ರಸ್ತೆ ಬಂದ ವರ್ಷ, ಎಳೆಗೂಸನ್ನು ಕಂಕುಳಲ್ಲಿ ಅವುಚಿಕೊಂಡು, ಮೈತುಂಬ ಗೋಣಿಚೀಲ ಸುತ್ತಿಕೊಂಡು ಊರಿಗೆ ಬಂದವಳು. ಮುಖಕ್ಕೆ ಅರ್ಧ ಡಬ್ಬಿ ಪೌಡರು ಬಳಿದುಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದರ್ಜಿ ಕೆಲಸ ಹಿಡಿದದ್ದೂ ಯೋಚನೆ ಮಾಡಿಯೇ. ದರ್ಜಿಯ ಮನೆಯ ನೆಲದ ಮೇಲೆ ಚೂಪಾದದ್ದೇನಾದರೂ ಬಿದ್ದಿದ್ದರೆ ಅದೇನು, ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ.

ಆದರೂ ನೆಮ್ಮದಿ ಎಂಬುದು ಅವಳ ಹಣೆಯಲ್ಲಿ ಬರೆದಿರಲಿಲ್ಲ. ಮುಳ್ಳಿಗಿಂತ ದೊಡ್ಡ ತೊಂದರೆ ಹೆದರಿಕೆಯದು. ಮನಸ್ಸು ತಣ್ಣಗಿದ್ದರೆ ಮುಳ್ಳೂ ತೆಪ್ಪಗೆ ಮಲಗಿರುತ್ತದೆ. ಹೆದರಿದರೋ, ಸಟಕ್ಕನೆ ಎದ್ದು ನಿಲ್ಲುತ್ತದೆ. ಎಲ್ಲಿ ಎದ್ದುಬಿಡುತ್ತದೋ ಎಂಬ ಭಯಕ್ಕೇ ಇನ್ನಷ್ಟು ಏಳುತ್ತದೆ. ಅದಕ್ಕೇ ಬೆವರು ಸುರಿಯುವ ಸೆಕೆಯಲ್ಲೂ ಅವಳಿಗೆ ದಪ್ಪ ಕ್ಯಾನ್ವಾಸಿನ ಕೋಟು. ಬಾಲದ ಮುಳ್ಳು ಝರಝರ ಸದ್ದು ಮಾಡಿದರೆ ಸೊಂಟದ ಬೀಗದ ಕೈ ಗೊಂಚಲನ್ನು ಅಲ್ಲಾಡಿಸಿ, ಇದೊಂದು ಪೀಡೆ ಎಂದು ಅದನ್ನು ಬೈಯುತ್ತಿದ್ದಳು. ಸಾಲದ್ದಕ್ಕೆ ಇನ್ನೊಂದು ಚಾಳಿ ಬೇರೆ. ಹೆದರಿದ ಮುಳ್ಳುಹಂದಿ ಓಡುವುದಿಲ್ಲ, ಎದುರಿಗಿದ್ದವರಿಗೆ ಬೆನ್ನು ಮಾಡಿ ಹಿಂದುಹಿಂದಕ್ಕೆ ನುಗ್ಗುತ್ತದೆ. ಕರೆಂಟು ಮೀಟರು ನೋಡಲು ಬಂದವನನ್ನು ಅವಳು ಹೀಗೇ ಬಾಗಿಲಾಚೆಗೆ ಅಟ್ಟಿದ್ದಳು. ಪಾಪ, ಬಹಳ ಸಂಕೋಚದ ಹೆಂಗಸು ಎಂದುಕೊಂಡು ಹೋದ ಆತ.

ಕೂಸು ಬೆಳೆದು ಹುಡುಗನಾಗಿತ್ತು. ಅವನನ್ನು ಮರಿ ಎಂದೇ ಕರೆಯುತ್ತಿದ್ದಳು. ಅವನ ಹಟ ತಾಳಲಾರದೆ ಶಾಲೆಗೆ ಸೇರಿಸಿದ್ದಳು. ಈಗ ಅವನಿಗೆ ಶಾಲೆಯೆಂದರೆ ಪ್ರಾಣ. ರಜೆ ಎಂದರೆ ಬೇರೆ ಮಕ್ಕಳು ಕುಣಿದಾಡಿದರೆ ಇವನು ಮುಖ ಸಣ್ಣದು ಮಾಡಿಕೊಂಡು ಮೂಲೆ ಹಿಡಿಯುತ್ತಿದ್ದ. ದಿನಾ ಬೆಳಗ್ಗೆ ಅವನ ಪುಟ್ಟ ಕೋಟಿನ ಗುಂಡಿ ಹಾಕುತ್ತ ಅಮ್ಮ ಅದೇ ಪಾಠ ಒಪ್ಪಿಸುತ್ತಿದ್ದಳು. ಯಾರಿಗೂ ಒತ್ತಿಕೊಂಡು ಕೂರಬೇಡ. ಯಾರ ಹೆಗಲ ಮೇಲೂ ಕೈ ಹಾಕಬೇಡ. ಸ್ನೇಹ ಗೀಹ ಬೇಡವೇ ಬೇಡ. ಮರಿ ಎಲ್ಲದಕ್ಕೂ ಹೂಂ ಎನ್ನುತ್ತಿದ್ದ. ಮಕ್ಕಳು ಹೂಂ ಎನ್ನುವುದನ್ನು ನಂಬುವ ತಾಯಂದಿರ ಪೈಕಿ ಅವಳೂ ಒಬ್ಬಳು.

ಒಂದು ದಿನ ಮರಿ ಕುಣಿಯುತ್ತ ಸುದ್ದಿ ತಂದ. ನಾಳೆ ಪಾಠವಿಲ್ಲ, ಶಾಲೆಗೆ ಡಾಕ್ಟರಮ್ಮ ಬರುತ್ತಾರೆ, ಒಬ್ಬೊಬ್ಬರೇ ಶರ್ಟು ಬಿಚ್ಚಿ ಬೆನ್ನು ತೋರಿಸಬೇಕಂತೆ. ಯಂತ್ರ ತುಳಿಯುತ್ತಿದ್ದ ಅವಳ ಕಾಲು ನಿಂತೇ ಹೋಯಿತು. ಬೆನ್ನು ಕಂಡರೆ ಮುಗಿಯಿತು, ಅವತ್ತೇ ಗಂಟುಮೂಟೆ ಕಟ್ಟಬೇಕು. ತನ್ನದು ಹೇಗೋ ನಡೆದೀತು, ಈ ಹುಡುಗನನ್ನು ಶಾಲೆಯಿಂದ ಕಿತ್ತುಕೊಂಡು ಹೋಗುವುದು ಹೇಗೆ? ಜ್ವರವೆಂದು ಮಲಗಿಸೋಣವೆಂದರೆ, ಬಾರದ ಮಕ್ಕಳ ಮನೆಗೇ ಡಾಕ್ಟರಮ್ಮ ಹೋಗುತ್ತಾರಂತೆ. ಒಳ್ಳೆಯ ಕೆಲಸ ಮಾಡುವವರ ಕಾಟವೇ ಇದು, ನುಸುಳಿಕೊಳ್ಳಲು ಒಂದು ಸಂದಿಯನ್ನೂ ಬಿಡುವುದಿಲ್ಲ.

ಇದ್ದಬದ್ದ ಬಟ್ಟೆಯನ್ನೆಲ್ಲ ಜಾಲಾಡಿ, ಮೈಬಣ್ಣದ ತುಂಡೊಂದನ್ನು ಹುಡುಕಿ, ಮರಿಗೆ ಒಂದು ಚರ್ಮವನ್ನೇ ಹೊಲಿದಳು. ನಗಬೇಡಿ, ನಿಜವಾಗಿಯೂ ಚರ್ಮ. ಬೆನ್ನಿಗೆ ಗೆರೆ, ಹೊಟ್ಟೆಗೆ ಕಾಜಾದ ಹೊಕ್ಕುಳು, ಹೆಗಲ ಮೇಲೆ ಕಪ್ಪು ದಾರದ ಮಚ್ಚೆ. ಬೆಳಗ್ಗೆ ತೊಡಿಸಿ ನೋಡಿದಾಗ ಅವಳಿಗೇ ಹೆಮ್ಮೆಯಾಯಿತು. ಅಷ್ಟರಲ್ಲಿ ಮರಿ ಸೀನಿದ. ಪರ್ರ್ ಎಂದು ಮುಳ್ಳುಗಳೆಲ್ಲ ಹೊರಬಂದು, ಚರ್ಮ ಹೋಗಿ ಜರಡಿಯಾಯಿತು.

"ಹೋಗ್ಲಿ ಬಿಡಮ್ಮ, ನಾವು ನೋಡ್ಕೋತೀವಿ" ಎಂದು ಮರಿ ಕೋಟು ಏರಿಸಿಕೊಂಡು ಓಡಿದ. ನಾವು ಎಂದರೆ ಯಾರು ಎಂದು ಕೇಳುವ ವ್ಯವಧಾನ ಅವಳಿಗಿರಲಿಲ್ಲ. ಅಂಗಡಿಗೆ ಬೀಗ ಜಡಿದು, ಸೂಜಿ ದಾರ ಹಿಡಿದು ಅವಳೂ ಶಾಲೆಯ ದಾರಿ ಹಿಡಿದಳು. ಶರ್ಟು ಬಿಚ್ಚುವಾಗ ಗುಂಡಿ ಕಿತ್ತುಹೋಗುತ್ತವಲ್ಲ, ಹಾಕಿಕೊಡಲು ಬಂದೆ ಎಂದರಾಯಿತು. ಹೇಗಾದರೂ ಮಗನನ್ನು ಸಾಲಿನಿಂದ ಎಳೆದುಕೊಂಡು ಬಂದರೆ ಸಾಕಾಗಿತ್ತು.

ಶಾಲೆಯ ಜಗಲಿಯಲ್ಲಿ ಮಕ್ಕಳ ಸಾಲು. ಕೊನೆಯ ಕೋಣೆಗೆ ಬಿಳಿ ಪರದೆ ಕಟ್ಟಿದ್ದರು. ಮಕ್ಕಳು ಒಬ್ಬೊಬ್ಬರೇ ಒಳಹೋಗಿ ಇನ್ನೊಂದು ಬಾಗಿಲಿಂದ ಹೊರಬೀಳುತ್ತಿದ್ದರು. ಸಾಲಿನ ತುದಿಯಲ್ಲಿ ಮರಿ, ಕಿವಿ ಮುಚ್ಚುವ ಟೋಪಿ, ಕತ್ತಿನವರೆಗೆ ಗುಂಡಿ. ಅವನತ್ತ ಕಾಲಿಟ್ಟಳೋ ಇಲ್ಲವೋ, ಟೀಚರು ಅಡ್ಡ ಸಿಕ್ಕರು. ಬಂದದ್ದು ಒಳ್ಳೆಯದಾಯಿತು, ಮಾತಾಡಬೇಕೆಂದಿದ್ದೆ ಎಂದರು. ಅವಳ ಬೆನ್ನಿನ ಮೇಲೆ ಮೊದಲ ಮುಳ್ಳು ಎದ್ದಿತು. ನಿಮ್ಮ ಮಗ ಬಹಳ ಒಳ್ಳೆಯವನು, ಅವನೂ ನಮ್ಮ ಅಳುಮುಂಜಿಯೂ ಒಂದೇ ಬೆಂಚು, ಅಂಟಿಕೊಂಡೇ ಕೂರುತ್ತಾರೆ ಎಂದು ಟೀಚರು ಮೂಗೊರೆಸಿಕೊಳ್ಳುತ್ತಿದ್ದ ಒಬ್ಬ ಸಣಕಲನನ್ನು ತೋರಿಸಿದರು. ಪೆನ್ಸಿಲ್ ಮುರಿದರೂ ಅಳು, ಮುರಿಯದಿದ್ದರೂ ಅಳು, ನಾವಂತೂ ಕೇಳುವುದನ್ನೇ ಬಿಟ್ಟಿದ್ದೇವೆ ಎಂದು ನಕ್ಕರು.

ಅಂಟಿಕೊಂಡು! ದರ್ಜಿಯಮ್ಮನ ಬೆನ್ನಿನಲ್ಲಿ ಇನ್ನೊಂದು ಸಾಲು ಮುಳ್ಳು ಎದ್ದಿತು. ಅಳುಮುಂಜಿ ಆಗಷ್ಟೇ ಡಾಕ್ಟರಮ್ಮನ ಕೋಣೆಗೆ ಹೋಗಿ, ಜಗಲಿಯೆಲ್ಲ ಒಂದಾಗುವಂತೆ ಅತ್ತು ಹೊರಬಂದಿದ್ದ. ಸಾಲು ಕರಗುತ್ತಿತ್ತು. ಟೀಚರ ಮಾತು ಮಾತ್ರ ಕರಗಲೊಲ್ಲದು. ಮನೆಯಲ್ಲಿ ಏನು ತಿನ್ನುತ್ತಾನೆ, ತರಗತಿಯಲ್ಲಿ ಸೀಮೆಸುಣ್ಣ ಯಾಕೆ ಕಾಣೆಯಾಗುತ್ತಿದೆ ಎಂದು ಒಂದಾದಮೇಲೊಂದು. ಅವಳು ಬೀಗದ ಕೈ ಅಲ್ಲಾಡಿಸಿ ಅಲ್ಲಾಡಿಸಿ ಸುಸ್ತಾದಳು. ಮತ್ತೆ ತಿರುಗಿ ನೋಡಿದಾಗ ಸಾಲೇ ಇಲ್ಲ! ಕೊನೆಯ ಪುಟ್ಟ ಕೋಟು ಪರದೆಯೊಳಗೆ ಹೋಗುವುದು ಕಂಡಿತು.

ಮರುಕ್ಷಣವೇ ಒಳಗಿನಿಂದ ಅಳು ಕೇಳಿತು.

ಸಿಕ್ಕಿಬಿದ್ದ, ನನ್ನ ಕಂದ ಸಿಕ್ಕಿಬಿದ್ದ. ಕೋಟನ್ನೂ ಸೀಳಿಕೊಂಡು ಮುಳ್ಳೆಲ್ಲ ಎದ್ದು ನಿಂತವು. ಬೆನ್ನು ಟೀಚರ ಕಣ್ಣಿಗೆ ಬೀಳುವ ಮೊದಲೇ ಅವಳು ಗಿರಕ್ಕನೆ ತಿರುಗಿ, ಅವರು ಬಾಯಿ ಬಿಟ್ಟುಕೊಂಡು ನೋಡುತ್ತಿರುವಂತೆಯೇ, ಬೆನ್ನು ಮುಂದು ಮಾಡಿಕೊಂಡು, ಹಿಂದುಹಿಂದಕ್ಕೆ ಆ ಕೋಣೆಗೆ ನುಗ್ಗಿದಳು. ಪರದೆ ಮುಳ್ಳಿಗೆ ಸಿಕ್ಕಿ, ದಾರದಿಂದ ಕಿತ್ತುಬಂದು, ಅವಳ ಬೆನ್ನನ್ನೆಲ್ಲ ಮುಚ್ಚಿಕೊಂಡಿತು. ತೂಕದ ಯಂತ್ರ ಉರುಳಿತು. ನರ್ಸು ಮೇಜಿನ ಮೇಲೆ ಹತ್ತಿದಳು.

ಉಸಿರು ಹಿಡಿದು ತಿರುಗಿದರೆ, ಸ್ಟೂಲಿನ ಮೇಲೆ ಬರಿಮೈಯಲ್ಲಿ ಕೂತಿದ್ದವನು ಮರಿಯಲ್ಲ. ಅಳುಮುಂಜಿ. ತಲೆಯ ಮೇಲೆ ಮರಿಯ ಟೋಪಿ, ಮಡಿಲಲ್ಲಿ ಮರಿಯ ಕೋಟು. ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. ಬೆಳಗಿನಿಂದ ಬೆನ್ನುಗಳನ್ನೇ ನೋಡಿ ದಣಿದಿದ್ದ ಡಾಕ್ಟರಮ್ಮನಿಗೆ ಮುಖಗಳ ಗುರುತೇ ಉಳಿದಿರಲಿಲ್ಲ.

"ಯಾರಮ್ಮ ನೀವು? ಈ ಮಗು ತಾಯಿನಾ?"

ಅಳುಮುಂಜಿ ಬಿಕ್ಕುತ್ತಲೇ ಅವಳನ್ನು ನೋಡಿದ. ಆದರೂ ಸ್ಟೂಲು ಬಿಟ್ಟು ಇಳಿಯಲಿಲ್ಲ.

"ಹೌದು. ನನ್ನ ಮಗ" ಎಂದಳು ದರ್ಜಿಯಮ್ಮ.

ಡಾಕ್ಟರಮ್ಮ ಎದೆ ಚೆನ್ನಾಗಿದೆ ಎಂದರು, ಸ್ವಲ್ಪ ತಿನ್ನಿಸಿ ಎಂದರು. ಆಮೇಲೆ ಅವನ ಎಡತೋಳನ್ನು ಬೆಳಕಿಗೆ ತಿರುಗಿಸಿದರು. ಹೆಗಲಿನಿಂದ ಮೊಣಕೈವರೆಗೂ ಕೆಂಪು ಚುಕ್ಕಿಗಳು, ಕೆಲವು ಹಳೆಯವು, ಕೆಲವು ನಿನ್ನೆಯವು. "ಆಗ್ಲೇ ಇನ್ನೊಬ್ಬನ ತೋಳಲ್ಲೂ ಹೀಗೇ ಇತ್ತು. ಈ ಶಾಲೇಲಿ ಸೊಳ್ಳೆ ಜಾಸ್ತಿನಾ?"

"ತುಂಬಾ" ಎಂದ ಅಳುಮುಂಜಿ.

ಹೊರಗೆ ನೀರಿನ ಡ್ರಮ್ಮಿನ ಹಿಂದಿನಿಂದ ಮರಿ ಹಲ್ಲು ಕಿರಿಯುತ್ತ ಎದ್ದುಬಂದ. ಅವನಿಗೆ ಒಂದು ಕೊಡಬೇಕೆನಿಸಿತು ಅವಳಿಗೆ, ಕೈ ಏಳಲಿಲ್ಲ. ಪರದೆಯನ್ನು ಹೊದ್ದುಕೊಂಡೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಇಷ್ಟು ವರ್ಷ ಉಸಿರು ಬಿಗಿಹಿಡಿದು ಕಾದ ಗುಟ್ಟು ಈ ಸಣಕಲನಿಗೆ ಗೊತ್ತಿತ್ತಲ್ಲ! ಯಾವಾಗಿನಿಂದ ಎಂದು ಹಿಂದೆಯೇ ಬಂದಿದ್ದ ಅಳುಮುಂಜಿಯನ್ನು ಕೇಳಿದಳು. ಮೊದಲನೇ ದಿನದಿಂದ, ಪಕ್ಕದಲ್ಲಿ ಕೂತ ಕೂಡಲೇ ಚುಚ್ಚಿತು ಎಂದ. ಮತ್ತೆ ಯಾರಿಗೂ ಹೇಳಲಿಲ್ಲವೇ?

"ಜೋರಾಗಿ ಅತ್ಬಿಟ್ಟೆ ಆಂಟಿ. ಆದ್ರೆ ನಾನು ದಿನಾ ಅಳ್ತೀನಲ್ಲ, ಯಾಕೆ ಅಂತ ಯಾರೂ ಕೇಳಲ್ಲ."

"ಬೇರೆ ಬೆಂಚಿಗೆ ಹೋಗ್ಬಹುದಿತ್ತಲ್ಲೋ. ಅಷ್ಟು ಚುಚ್ಚಿಸ್ಕೊಂಡು ಯಾಕೆ ಕೂತಿದ್ದೆ?"

ಅಳುಮುಂಜಿ ಅಂಗೈಯಿಂದ ಮೂಗೊರೆಸಿಕೊಂಡ. "ಇವನೊಬ್ಬನೇ ಕೇಳೋದು."

ದರ್ಜಿಯಮ್ಮ ಕತ್ತಿನಲ್ಲಿದ್ದ ಅಳತೆಯ ಟೇಪು ತೆಗೆದು ಅವನ ಎಡತೋಳಿಗೆ ಸುತ್ತಿದಳು. ಆ ಒಂದು ತೋಳಿಗೆ ಒಳಗೆ ಹತ್ತಿ ತುಂಬಿ ಶರ್ಟು ಹೊಲಿದರೆ ಇನ್ನು ಚುಚ್ಚುವುದಿಲ್ಲ. ಟೇಪು ತಾಗಿದ್ದೇ ತಡ ಅಳುಮುಂಜಿ ಮತ್ತೆ ಶುರುಮಾಡಿದ. ಜಗಲಿಯಲ್ಲಿದ್ದವರು ಯಾರೂ ತಿರುಗಿ ನೋಡಲಿಲ್ಲ.

"ಈಗ ಯಾಕಪ್ಪ ಅಳ್ತಿದೀಯ?" ಎಂದು ಕೇಳಿದ ದರ್ಜಿಯಮ್ಮ, ಅವನು ಹೇಳುವವರೆಗೂ ಕಾದಳು.