ತಟ್ಟೆ ಇಡ್ಲಿಯ ಜೊತೆ ಕೊಟ್ಟ ಹೆಸರು

ಕಥೆಗಾರರು ಪಾತ್ರಗಳಿಗೆ ಇಡುವ ಹೆಸರು ಆಕಾಶದಿಂದ ಉದುರುವುದಿಲ್ಲ. ಯಾರದೋ ಮನೆಯ ತೊಟ್ಟಿಲಿಂದ ಎತ್ತಿಕೊಂಡು ಬಂದದ್ದು. ಎತ್ತಿಕೊಂಡವರು ಹೇಳಿ ಒಯ್ಯುವುದಿಲ್ಲ, ವಾಪಸು ತಂದಿಡುವುದೂ ಇಲ್ಲ.

ಹಿರೀಸಾವೆಯ ಹೆದ್ದಾರಿ ಪಕ್ಕ ತಟ್ಟೆ ಇಡ್ಲಿ ಹೋಟೆಲು ಇಟ್ಟಿರುವ ಗುರುಸಿದ್ದಮ್ಮನಿಗೆ ಆ ಹೆಸರು ಬಂದದ್ದು ಅಜ್ಜಿಯಿಂದ. ಅಜ್ಜಿಯ ಹೆಸರು ಮೊಮ್ಮಗಳಿಗೆ ಎಂಬುದು ಅವರ ಮನೆಯ ನಡಾವಳಿ. ಒಂದು ಬೆಳಿಗ್ಗೆ ಹಾಸನದ ಕಾದಂಬರಿಕಾರ ದೇವರಾಜ್ ಇಡ್ಲಿ ತಿನ್ನುತ್ತಾ ಹೆಸರು ಕೇಳಿದರು. ಹೇಳಿದಳು. "ಬಾಯ್ತುಂಬಾ ಇದೆಯಲ್ಲಮ್ಮಾ!" ಎಂದು ಮತ್ತೆ ಮತ್ತೆ ಅಂದು ನೋಡಿದರು. ತವರು ಬಿಟ್ಟ ಮೇಲೆ ಆ ಹೆಸರನ್ನು ಅಷ್ಟು ಅಕ್ಕರೆಯಿಂದ ಯಾರೂ ಕರೆದಿರಲಿಲ್ಲ. ಹಿಗ್ಗಿಗೆ ಇನ್ನೊಂದು ಇಡ್ಲಿ ಹಾಕಿದಳು.

ವರ್ಷದೊಳಗೆ ಆ ಹೆಸರು, ದೇವರಾಜರ ಹೊಸ ಕಾದಂಬರಿಯಲ್ಲಿ ಸೊಸೆಗೆ ವಿಷವಿಕ್ಕುವ ಒಬ್ಬ ಅತ್ತೆಯ ಮೇಲೆ ಹೋಗಿ ಕೂತಿತ್ತು. ಕಾದಂಬರಿ ಟೀವಿ ಧಾರಾವಾಹಿಯಾಯಿತು, ಊರೂರಲ್ಲೂ ಆ ಅತ್ತೆಯದೇ ಮಾತು.

"ಗುರುಸಿದ್ದಮ್ಮೋ, ಚಟ್ನಿಗೇನೂ ಬೆರೆಸಿಲ್ಲ ತಾನೆ?" ಎಂದು ಲಾರಿ ಡ್ರೈವರ್ ಶಾಂತರಾಜು ಕಿಚಾಯಿಸುವನು.

"ನಿಂಗಾಕೋ ವಿಷಾನೂ ದಂಡ ಕಣ್ಲಾ, ತಿನ್ನು," ಎಂದು ನಗುವಳು.

ಆ ನಗು ನಿಂತದ್ದು ಮಗ ಪರಮೇಶನಿಗೆ ಹೆಣ್ಣು ಮಗು ಹುಟ್ಟಿದಾಗ. ನಾಮಕರಣದ ಹಿಂದಿನ ದಿನ ಸೊಸೆ ರಂಜಿತಾ ತಲೆ ತಗ್ಗಿಸಿ ಅಂದಳು: "ಅತ್ತೆ, ನಿಮ್ಮೆಸ್ರು ಬ್ಯಾಡ. ಸ್ಕೂಲಲ್ಲಿ ಮಗೀನ ಆಡ್ಕೊಂಡು ನಗ್ತಾರೆ."

ಪರಮೇಶ ಗೋಡೆ ನೋಡಿದ. ಜಗಳ ತೆಗೆದಿದ್ದರೆ ಗುರುಸಿದ್ದಮ್ಮ ಆ ಧಾರಾವಾಹಿಯ ಅತ್ತೆಯೇ ಆಗಿಬಿಡುತ್ತಿದ್ದಳು. "ಅಂಗೇ ಮಾಡವ್ವ," ಎಂದಳು. ಮಾರನೆಯ ದಿನ ತೊಟ್ಟಿಲಿಗೆ ಬಗ್ಗಿ, ಮಗುವಿನ ಕಿವಿಯಲ್ಲಿ "ಯಶಸ್ವಿನಿ" ಎಂದು ತಾನೇ ಉಸುರಿದಳು.

ಆಮೇಲೊಮ್ಮೆ ದೇವರಾಜ್ ಬಂದರು. "ನಿಮ್ಮ ಹೆಸರಿಂದಲೇ ಪಾತ್ರ ಗೆದ್ದಿತು ಕಣಮ್ಮ. ಮೊಮ್ಮಗಳ ಹೆಸರೇನು?"

"ಯಾಕೆ ಸಾ, ಅದ್ನೂ ತಕ್ಕೊಂಡೋಗಕ್ಕಾ? ಇಡ್ಲಿ ಕೇಳಿ, ಕೊಡ್ತೀನಿ."

ತಮಾಷೆಯೆಂದುಕೊಂಡು ಅವರು ನಕ್ಕರು. ಅವರು ಮೊದಲ ಸಲ ಬಂದಾಗಲೇ ಹೆಸರು ಹೇಳದೆ ಬರೀ ಇಡ್ಲಿ ಕೊಟ್ಟು ಕಳಿಸಬೇಕಿತ್ತು ಎಂದು ಅವಳು ಇವತ್ತಿಗೂ ಕೊರಗುತ್ತಾಳೆ. ಯಾರಾದರೂ ಹೆಸರು ಕೇಳಿದರೆ, "ಹೋಟ್ಲಮ್ಮ ಅನ್ನಿ, ಸಾಕು," ಎನ್ನುತ್ತಾಳೆ.

ಬರೆದವರು ಒಬ್ಬರು, ನಕ್ಕವರು ನಾವೆಲ್ಲ. ಹಿರೀಸಾವೆಯಲ್ಲಿ ಬಸ್ಸು ನಿಂತಾಗ ಇಳಿಯಿರಿ. "ಗುರುಸಿದ್ದಮ್ಮನೋರೇ, ಎರಡು ಇಡ್ಲಿ ಕೊಡಿ," ಎಂದು ಕೇಳಿ. ನಗದೆ ಕೇಳಿ.