ಎದೆಯೊಳಗಿನ ಯಂತ್ರವೂ ಕಲಿತ ಡಾಕ್ಟರೂ

ಕೊರೋನಾ ಗದ್ದಲ ಮುಗಿದ ಮರುವರ್ಷ. ನಾನು ಜತ್ತದ ಒಂದು ಖಾಸಗಿ ದವಾಖಾನೆಯಲ್ಲಿ ಮಾವಶಿ. ನಮ್ಮ ಕಡೆ ಆಯಾಗೆ ಹಾಗೆ ಅನ್ನುತ್ತಾರೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಇಪ್ಪತ್ತು ವರ್ಷ ಇಸಿಜಿ ತೆಗೆಯುವಾಗ ರೋಗಿಗಳ ಎದೆಗೆ ವೈರು ಅಂಟಿಸಿದ್ದು ಇದೇ ಕೈ.

ಒಂದು ಮಧ್ಯಾಹ್ನ ಸೋನ್ಯಾಳ ಹಳ್ಳಿಯ ಮುದುಕಿ ನೀಲವ್ವ ಬಂದಳು. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತಲೆ ಒಡೆದಿತ್ತು. ಕರೆತಂದ ನೆರೆಯವಳಿಗೆ ಅವಳ ಕಾಯಿಲೆ ಕಸಾಲೆ ಏನೂ ಗೊತ್ತಿಲ್ಲ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಹೊಸ ಡಾಕ್ಟರು ಹೊಲಿಗೆ ಹಾಕಿ, ಇಸಿಜಿ ತೆಗೆಯಿರಿ ಅಂದರು. ನೀಲವ್ವ ಕುಪ್ಪಸ ಬಿಚ್ಚಲು ಒಪ್ಪಲಿಲ್ಲ. ಕೆಳಗಿನಿಂದಷ್ಟೇ ಎತ್ತಿ ವೈರು ಅಂಟಿಸಿದೆ, ಎದೆಯ ಮೇಲ್ಭಾಗ ನೋಡಲಿಲ್ಲ. ಅಷ್ಟು ನನ್ನ ತಪ್ಪು.

ಕಾಗದದಲ್ಲಿ ಟಿ ಅಲೆ, ಅಂದರೆ ಪ್ರತಿ ಬಡಿತವಾದ ಮೇಲೆ ಹೃದಯ ಸುಧಾರಿಸಿಕೊಳ್ಳುವ ಗೆರೆ, ತಲೆಕೆಳಗಾಗಿತ್ತು. ಡಾಕ್ಟರು ಕುರ್ಚಿ ಬಿಟ್ಟು ಏಳಲಿಲ್ಲ. ಹಾರ್ಟ್ ಅಟ್ಯಾಕ್, ಅದಕ್ಕೇ ಬಿದ್ದಿದ್ದಾಳೆ ಅಂದವರೇ ರಕ್ತ ತೆಳು ಮಾಡುವ ಇಂಜೆಕ್ಷನ್ ಬರೆದರು. ತಲೆ ಒಡೆದವಳಿಗೆ! ಒಳಗೆ ರಕ್ತ ಸೋರುತ್ತಿದ್ದರೆ ಅವಳು ಮನೆಗೆ ಮರಳುವ ಹಾಗಿರಲಿಲ್ಲ.

"ಎದಿಯಾಗ ಯಂತ್ರ ಐತ್ರಿ ಸಾಹೇಬ್ರ," ಅಂದಳು ನೀಲವ್ವ.

ನಮ್ಮ ಹಳ್ಳಿಗಳಲ್ಲಿ ಯಂತ್ರವೆಂದರೆ ತಾಯತವೂ ಹೌದು. ಡಾಕ್ಟರು ನಕ್ಕರು. "ತಾಯತ ಕಟ್ಟಿದ್ರ ಅಟ್ಯಾಕ್ ನಿಲ್ಲಂಗಿಲ್ಲ ಆಯಿ. ಮಾವಶಿ, ಅದನ್ನ ಬಿಚ್ಚಿ ಒಗೀರಿ."

ಬಿಚ್ಚಲು ಕೈ ಹಾಕಿದೆ. ದಾರವೇ ಇಲ್ಲ. ಎಡ ಕೊರಳೆಲುಬಿನ ಕೆಳಗೆ, ಚರ್ಮದೊಳಗೆ, ಬೆಂಕಿಪೆಟ್ಟಿಗೆಯಷ್ಟು ಗಟ್ಟಿ ಗಂಟು. ಮೇಲೆ ಹೊಲಿಗೆಯ ಗುರುತು.

"ಇದು ಪೇಸ್‌ಮೇಕರ್ ಅದರಿ," ಅಂದೆ.

"ಇದ್ದಿದ್ರ ಇಸಿಜಿ ಕಾಗದದಾಗ ಕಾಣ್ತಿತ್ತು. ನೀವು ನಿಮ್ಮ ಕೆಲಸ ನೋಡ್ರಿ."

ಮುಟ್ಟಿ ನೋಡಲಿಕ್ಕೆ ನಾಲ್ಕು ಹೆಜ್ಜೆ. ಅಷ್ಟು ನಡೆದರೆ ಎಂಬಿಬಿಎಸ್ ಸವೆಯುತ್ತಿತ್ತೇನೋ. ನರ್ಸ್ ಸಿರಿಂಜ್ ತುಂಬಿಕೊಂಡು ಬಂದಳು. ನಾನು ಮಂಚಕ್ಕೆ ಅಡ್ಡ ನಿಂತು, ಮಾಳಿಗೆಯಲ್ಲಿ ಊಟಕ್ಕೆ ಕುಳಿತಿದ್ದ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದೆ.

ಅವರು ಎಂಜಲ ಕೈ ತೊಳೆದುಕೊಂಡು ಇಳಿದು ಬಂದರು. ಗಂಟು ಮುಟ್ಟಿ, ಅದರ ಮೇಲೆ ಒಂದು ಆಯಸ್ಕಾಂತ ಇಟ್ಟು, ಮತ್ತೆ ಇಸಿಜಿ ತೆಗೆಸಿದರು. ಈಗ ಬಡಿತಗಳ ಮುಂದೆ ಸಣ್ಣ ನೆಟ್ಟ ಗೆರೆಗಳು ಎದ್ದವು: ಆಯಸ್ಕಾಂತದಿಂದಾಗಿ ಯಂತ್ರ ಹೊಡೆಯುತ್ತಿತ್ತು. ಮೊದಲು ಹೆದರಿಕೆಗೆ ನೀಲವ್ವನ ಸ್ವಂತ ಬಡಿತವೇ ಜೋರಾಗಿದ್ದರಿಂದ ಅದು ಸುಮ್ಮನಿತ್ತು.

ದೊಡ್ಡವರು ಬಿಡಿಸಿ ಹೇಳಿದ್ದು ನನಗೂ ತಿಳಿಯಿತು. ಹೃದಯದಲ್ಲಿ ಕರೆಂಟ್ ಹರಿಯಲು ಒಂದು ಹುಟ್ಟುದಾರಿ ಇದೆ. ಯಂತ್ರ ಬೇರೆ ತುದಿಯಿಂದ ಹೊಡೆಯುತ್ತದೆ. ಯಾವ ಭಾಗ ಮೊದಲು, ಯಾವುದು ಆಮೇಲೆ ಎಂಬ ಸರದಿ ಬದಲಾಗುತ್ತದೆ. ತಿಂಗಳುಗಟ್ಟಲೆ ಹಾಗೆ ನಡೆದರೆ ಸುಧಾರಿಸಿಕೊಳ್ಳುವ ರೀತಿಯೂ ಅದಕ್ಕೆ ಒಗ್ಗುತ್ತದೆ. ಬಡಿತ ಹುಟ್ಟುದಾರಿಗೆ ಮರಳಿದರೂ ಸುಧಾರಿಕೆ ಕೆಲವು ದಿನ, ವಾರ ಹೊಸ ರೂಢಿಯನ್ನೇ ಹಿಡಿದಿರುತ್ತದೆ. ಹೃದಯದ ನೆನಪು ಅನ್ನುತ್ತಾರಂತೆ. ಗೆರೆ ತಲೆಕೆಳಗಾದದ್ದು ಅದಕ್ಕೆ. ಆದರೂ ದೊಡ್ಡವರು ಅಷ್ಟಕ್ಕೇ ಬಿಡದೆ ಎರಡು ಸಲ ರಕ್ತ ಪರೀಕ್ಷೆ ಮಾಡಿಸಿದರು. ಅಟ್ಯಾಕ್ ಇರಲಿಲ್ಲ. ಇಂಜೆಕ್ಷನ್ ಕಸದ ಬುಟ್ಟಿಗೆ ಹೋಯಿತು.

ಮರುದಿನ ನೀಲವ್ವ ಹೊರಟಾಗ ಹೊಸ ಡಾಕ್ಟರು ಅವಳ ಮೇಲೆಯೇ ಹಾರಿದರು: "ಪೇಸ್‌ಮೇಕರ್ ಅಂತ ಸರಿಯಾಗಿ ಹೇಳಬೇಕಿಲ್ಲೇನು?"

"ನನಗ ನಿಮ್ಮ ಇಂಗ್ಲಿಷ್ ಬರಂಗಿಲ್ರಿ," ಅಂದಳು ಮುದುಕಿ. "ನಿಮಗ ಕೈ ಅದಾವಲ್ರಿ?"

ಡಾಕ್ಟರು ಮೊಬೈಲ್ ನೋಡತೊಡಗಿದರು. ನನ್ನ ನೌಕರಿ ಕಲಿಸಿದ್ದು ಇಷ್ಟೇ: ಕಾಗದ ಓದಲು ಬಂದ ಮಾತ್ರಕ್ಕೆ ರೋಗಿಯನ್ನು ನೋಡಲು ಬಂತು ಎಂದಲ್ಲ. ನೀಲವ್ವ ತನ್ನ ಕಾಲ ಮೇಲೆ ನಡೆದು ಸೋನ್ಯಾಳದ ಜೀಪು ಹತ್ತಿದಳು.