ಒಂದೇ ಎತ್ತರದ ಮೂರು ಡೆಂಟು

ಡೆಂಟ್ ಮೇಸ್ತ್ರಿಯ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಯಾರೂ ಇಲ್ಲ. ನಿಲ್ಲಿಸಿದ ಕಾರಿಗೆ ಯಾರೋ ಗುದ್ದಿ ಹೋದರು ಎನ್ನುತ್ತ ಬಂದವರ ಕಾರಿನ ಮೇಲೆ ಒಮ್ಮೆ ಅಂಗೈ ಆಡಿಸಿ, "ನಿಮ್ಮ ಗೇಟಿಗೆ ನೀವೇ ಗುದ್ದಿದ್ದು, ಅದೂ ರಿವರ್ಸಲ್ಲಿ. ಮನೆಯವ್ರಿಗೆ ನಾನೇನೂ ಹೇಳಲ್ಲ ಬಿಡಿ" ಎನ್ನುತ್ತಿದ್ದ. ಮೂವತ್ತು ವರ್ಷ ತಗಡು ಬಡಿದ ಕೈ ಅದು. ಕುಡಿದವನು ಗುದ್ದುವ ರೀತಿಯೇ ಬೇರೆ, ತೂಕಡಿಸಿದವನದು ಬೇರೆ, ಹೆಂಡತಿಯ ಮೇಲಿನ ಸಿಟ್ಟನ್ನು ಆಕ್ಸಿಲರೇಟರ್ ಮೇಲೆ ತೀರಿಸಿಕೊಂಡವನದಂತೂ ದೂರದಿಂದಲೇ ಗೊತ್ತಾಗುತ್ತಿತ್ತು.

ಅಂಥವನ ತಲೆಗೆ ಹುಳ ಬಿಟ್ಟದ್ದು ಡ್ರೈವರಿಲ್ಲದೆ ತಾನೇ ಓಡುವ ಕಾರು. ಊರಿಗೆ ಅವು ಬಂದು ತಿಂಗಳಾಗಿರಲಿಲ್ಲ, ಅಂಥ ಮೂರು ಕಾರು ರಿಪೇರಿಗೆ ಬಂದವು. ಡೆಂಟಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡುವುದು ಮೇಸ್ತ್ರಿಯ ಹಳೇ ಚಟ. ಮೂರೂ ಕಾರಿನ ಗೆರೆ ಒಂದರ ಮೇಲೊಂದು ಕೂತವು. ಮೂವರು ಮನುಷ್ಯರಾದರೆ ಮೂರು ಥರ ತಪ್ಪು ಮಾಡುತ್ತಾರೆ, ಇವಕ್ಕೆ ಮೂರಕ್ಕೂ ಒಂದೇ ತಪ್ಪು ಯಾರು ಕಲಿಸಿದರು?

ಮಧ್ಯಾಹ್ನ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅವನ ಹೆಂಡತಿ ಬಂದಳು. ಚಿಕ್ಕಂದಿನಿಂದ ಕಾಲಲ್ಲಿ ಶಕ್ತಿಯಿಲ್ಲ. ನಾಲ್ಕು ಚಕ್ರದ ಹಲಗೆಯ ಮೇಲೆ ಕೂತು, ಕೈಯಲ್ಲೇ ನೆಲ ತಳ್ಳುತ್ತ, ರಸ್ತೆಯಾಚೆಯ ತನ್ನ ಹೊಲಿಗೆ ಅಂಗಡಿಯಿಂದ ದಿನಕ್ಕೆ ನಾಲ್ಕು ಸಲ ಓಡಾಡುವವಳು. ಬಂದವಳು ಗೋಡೆಗೆ ಒರಗಿದಳು. ಗೆರೆ ಸರಿಯಾಗಿ ಅವಳ ಗದ್ದಕ್ಕೆ ಬಂತು.

ಮೇಸ್ತ್ರಿ ಊಟದ ಡಬ್ಬಿ ಬದಿಗಿಟ್ಟು ಮೂರೂ ಗೆರೆಯನ್ನು ಮತ್ತೆ ಅಳೆದ.

ಸಂಜೆ ಕಂಪನಿಯ ಇಂಜಿನಿಯರ್ ಬಂದ. ತಾನು ತಂದ ಅಂಥದೇ ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಮೇಸ್ತ್ರಿ ತೋರಿಸಿದ ಗೆರೆ ನೋಡಿ ನಕ್ಕ. "ಏನಿಲ್ಲ ಮೇಸ್ತ್ರಿ, ಮಾರ್ಕೆಟ್ ಮೂಲೆಯಲ್ಲಿ ಹೊಸದಾಗಿ ಗಿಡ್ಡ ಕಲ್ಲುಕಂಬ ನೆಟ್ಟಿದಾರೆ. ನಮ್ಮ ನಕ್ಷೆಯಲ್ಲಿ ಅದು ಇರ್ಲಿಲ್ಲ. ಈಗ ಸೇರಿಸಿದೀವಿ."

"ನನ್ನ ಹೆಂಡತೀನೂ ಸೇರಿಸ್ತೀರಾ? ಅವಳು ಒಂದು ಕಡೆ ನಿಲ್ಲೋಳಲ್ಲ."

"ಅಯ್ಯೋ, ಮನುಷ್ಯರನ್ನ ಅದು ಗುರುತಿಸುತ್ತೆ. ಕುಡಿಯಲ್ಲ, ತೂಕಡಿಸಲ್ಲ. ನಿಮಗಿಂತ, ನನಗಿಂತ ಹುಷಾರು."

ಅದು ನಿಜವೇ ಇರಬಹುದು. ಕುಡುಕರ ದೆಸೆಯಿಂದಲೇ ಮೇಸ್ತ್ರಿಯ ಅರ್ಧ ಬದುಕು ನಡೆದಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಅಷ್ಟು ಹುಷಾರಾದ್ದು ನಿಂತ ಕಂಬಕ್ಕೆ ಮೂರು ಸಲ ಯಾಕೆ ಗುದ್ದಿತು?

ಸಂಜೆಯ ಚಹಾ ತಂದಿದ್ದ ಹೆಂಡತಿಯನ್ನು ಅವನು ಎತ್ತಿ ಕುರ್ಚಿಯಲ್ಲಿ ಕೂರಿಸಿದ. ಹಲಗೆಯನ್ನು ಕಾರಿನ ಎದುರು, ಹತ್ತು ಹೆಜ್ಜೆ ದೂರಕ್ಕೆ ತಳ್ಳಿದ.

"ಹಾಗಾದ್ರೆ ಇದರ ಮೇಲೆ ನೀವೇ ಕೂತ್ಕೊಳ್ಳಿ ಸಾರ್. ಕಾರು ನಿಮ್ಮ ಕಡೆ ಬರ್ಲಿ. ಅದು ನಿಂತ್ರೆ, ಇವತ್ತೇ ಮೂರೂ ಡೆಂಟು ತೆಗೀತೀನಿ."

ಇಂಜಿನಿಯರ್ ಹಲ್ಲು ಕಿರಿದ. "ಅದಕ್ಕೇನಂತೆ" ಎಂದು ಪ್ಯಾಂಟು ಮೇಲೆಳೆದುಕೊಂಡು ಬಗ್ಗಿದ. ಬಗ್ಗಿದವನು ಒಮ್ಮೆ ಕಾರಿನತ್ತ ತಿರುಗಿ ನೋಡಿದ. ಕಾರಿನ ದೀಪ ಉರಿಯುತ್ತಿತ್ತು. ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು, ಫೋನ್ ತೆಗೆಯಿತು, ಏನೋ ಒತ್ತಿತು. ಕಾರು ಬಂದ್ ಆಗಿ ದೀಪ ಆರಿತು. ಆಮೇಲೆ ಹಲಗೆಯ ಮೇಲೆ ಕೂತ.

ಮೇಸ್ತ್ರಿ ಸುತ್ತಿಗೆಯನ್ನು ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಮುಚ್ಚಿದ. "ಗಾಡಿಗಳನ್ನ ತಗೊಂಡು ಹೋಗಿ. ಡೆಂಟು ಹಾಗೇ ಇರ್ಲಿ, ನಾಲ್ಕು ಜನ ನೋಡ್ಲಿ."

ಇಂಜಿನಿಯರ್ ಎದ್ದು ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತಿದ್ದ. ಮೇಸ್ತ್ರಿಯ ಹೆಂಡತಿ ಕುರ್ಚಿಯಿಂದಲೇ ಕೇಳಿದಳು.

"ನೀವು ಕೂರೋ ಮೊದ್ಲು ಅದನ್ನ ಆರಿಸಿದ್ರಿ. ನಾನು ರಸ್ತೆ ದಾಟೋವಾಗ ಯಾರು ಆರಿಸ್ತಾರೆ, ಸಾರ್?"